ಕಾಲುಗಳ ರಾಶಿಯಲ್ಲಿ ನೆತ್ತಿ ಹುಡುಕುವಾಕೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಬೀದಿ ಗುಡಿಸುವವರು ಹಾಜರಿ ಕೊಡುವ ತಗಡಿನ ಶೆಡ್ಡಿನಲ್ಲಿ ಉರಿಯುತ್ತಿರುವುದು ಒಂದೇ ದೀಪ. ಅದರ ಕೆಳಗೆ, ತಣ್ಣನೆಯ ಸಿಮೆಂಟಿನ ಮೇಲೆ ಗೋಣಿತಟ್ಟು ಹಾಸಿಕೊಂಡು, ಐವತ್ತರ ಆಸುಪಾಸಿನ ಹೆಂಗಸೊಬ್ಬರು ಮಂಡಿಯೂರಿ ಕೂತಿದ್ದಾರೆ. ಎದುರಿಗೊಂದು ಮರದ ಹಲಗೆ, ಹಲಗೆಯ ಮೇಲೆ ಅತ್ತಿತ್ತ ಸರಿಯುವ ಎರಡು ಮರದ ತುಂಡು. ಪಕ್ಕದಲ್ಲಿ ತೆರೆದಿಟ್ಟ ಲ್ಯಾಪ್‌ಟಾಪು. ಪೊರಕೆಗಳನ್ನು ಗೋಡೆಗೆ ಒರಗಿಸಿ ಹೆಂಗಸರು ಸಾಲಾಗಿ ನಿಂತಿದ್ದಾರೆ, ಬರಿಗಾಲಲ್ಲಿ.

"ಒಂಟಿಕಾಲಲ್ಲಿ ಕೊಕ್ಕರೆ ಥರ ನಿಲ್ಲಬೇಡಿ ದೊಡ್ಡಕ್ಕ. ಭಾರ ಪೂರ್ತಿ ಬಿಡಿ."

"ಪೂರ್ತಿ ಬಿಟ್ಟರೆ ನಿನ್ನ ಹಲಗೆ ಮುರಿಯುತ್ತೆ ಕಣೇ."

"ಮುರೀಲಿ. ಹಲಗೆ ಇನ್ನೊಂದು ಮಾಡಬಹುದು."

ಸಾಲಿನಲ್ಲಿ ನಗು. ಮರದ ತುಂಡುಗಳು ಎರಡೂ ಕಡೆಯಿಂದ ಸರಿದು ಬಂದು ಪಾದದ ಅತ್ಯಂತ ಅಗಲವಾದ ಜಾಗವನ್ನು ಮೆಲ್ಲಗೆ ತಬ್ಬುತ್ತವೆ. ದೊಡ್ಡಕ್ಕ ಅಂತ ಇಡೀ ಶೆಡ್ಡು ಕರೆಯುವ ಈ ಹಿರಿಯಾಕೆಯ ಎಡಗಾಲಿನಲ್ಲಿ ಕಿರುಬೆರಳಿಲ್ಲ. ಬೂಟು ಉಜ್ಜಿ ಆದ ಹುಣ್ಣು, ಹುಣ್ಣಿಗೆ ಹೊಕ್ಕ ಚರಂಡಿ ನೀರು, ಆಮೇಲೆ ಆಸ್ಪತ್ರೆಯ ಕತ್ತರಿ. ಅಳೆಯುವಾಕೆ ಆ ಖಾಲಿ ಜಾಗದ ಮೇಲೆ ಒಂದು ಕ್ಷಣ ಬೆರಳಿಟ್ಟು, ಅಂಕಿ ಒತ್ತಿ, "ಮುಂದೆ ಬನ್ನಿ" ಅನ್ನುತ್ತಾರೆ.

ಇವರನ್ನು ಇಲ್ಲಿ ಎಲ್ಲರೂ ಕರೆಯುವುದು ಅಳತೆಯಕ್ಕ ಅಂತ. ರಬ್ಬರ್ ಬೂಟು ಮಾಡುವ ಒಂದು ಸಣ್ಣ ಕಾರ್ಖಾನೆಯ ಕಂಪ್ಯೂಟರ್ ಕೋಣೆ ಇವರ ಜಾಗ. ನಗರದ ಕಸ ಎತ್ತುವ ಹೆಂಗಸರಿಗೆ ಹೊಸ ಬೂಟು ಮಾಡುವ ಕೆಲಸ ಆ ಕಾರ್ಖಾನೆಗೆ ಸಿಕ್ಕಿದೆ. ಹೆಂಗಸರ ಕಾಲಿಗೆ ಅಂತಲೇ ಅಚ್ಚು ಎರಕ ಹೊಯ್ಯಿಸುತ್ತಿರುವುದು ಇದೇ ಮೊದಲ ಸಲ. ಅಚ್ಚು ಅಂದರೆ ಕಾಲಿನ ಆಕಾರದ ಲೋಹದ ಗಟ್ಟಿ. ಅದರ ಸುತ್ತ ರಬ್ಬರು ಕಟ್ಟಿ ಬೇಯಿಸಿದರೆ ಬೂಟು. ಒಮ್ಮೆ ಎರಕವಾದರೆ ಅದು ವರ್ಷಾನುಗಟ್ಟಲೆ ಬಾಳುತ್ತದೆ. ತಪ್ಪಾಗಿ ಎರಕವಾದರೂ ಅಷ್ಟೇ ವರ್ಷ ಬಾಳುತ್ತದೆ. ಯಜಮಾನರು ಒಪ್ಪಿರುವುದು ಒಂದೇ ಅಚ್ಚಿಗೆ. ಅದರ ಅಗಲ ಎಷ್ಟಿರಬೇಕು ಎಂಬ ಅಂಕಿ ಸೋಮವಾರ ಎರಕದವನ ಕೈ ಸೇರಬೇಕು. ಇಂದು ಶನಿವಾರ. ಅಂಕಿ ಹೇಳಬೇಕಾದವರು ಇವರು.

ಅಳತೆಯಕ್ಕನ ಅಪ್ಪ ಚಪ್ಪಲಿ, ಬೂಟು ಹೊಲಿಯುತ್ತಿದ್ದವರು. ಓಣಿಯಷ್ಟೇ ಕಿರಿದಾದ ಅಂಗಡಿ. ಮಾಡಿನ ತೊಲೆಯಿಂದ ತೊಲೆಗೆ ಹಗ್ಗ, ಹಗ್ಗದ ತುಂಬ ಜೋಡಿ ಜೋಡಿಯಾಗಿ ತೂಗುವ ಮರದ ಅಚ್ಚುಗಳು. ಮೇಷ್ಟ್ರ ಕಾಲು, ಅಂಚೆಯವನ ಕಾಲು, ದರ್ಜಿಯ ಹೆಂಡತಿಯ ಒಂದು ಗಿಡ್ಡ ಒಂದು ಉದ್ದದ ಕಾಲು. ಗಾಳಿ ಬಂದರೆ ಒಂದಕ್ಕೊಂದು ತಾಗಿ ಟಕಟಕ ಅನ್ನುತ್ತಿದ್ದವಂತೆ. ಹದ ಮಾಡಿದ ಚರ್ಮದ ವಾಸನೆ, ಅಂಟಿನ ವಾಸನೆ, ಮರ ಕೆತ್ತಿದ ಹೊಟ್ಟಿನ ವಾಸನೆ: ಇವು ಮೂರೂ ಸೇರಿದರೆ ಅಪ್ಪನ ವಾಸನೆ.

"ಯಾರದಾದರೂ ಹೆಬ್ಬೆರಳ ಗೆಣ್ಣು ಊದಿದರೆ ಅಪ್ಪ ಅಚ್ಚಿಗೆ ಅದೇ ಜಾಗದಲ್ಲಿ ಚೂರು ಚರ್ಮ ಅಂಟಿಸೋನು," ಎನ್ನುತ್ತಾರೆ ಅವರು. "ಮನುಷ್ಯ ಹೊರಗೆ ಬೀದೀಲಿ ಮುದುಕ ಆಗೋನು, ಅವನ ಕಾಲು ನಮ್ಮ ಅಂಗಡೀಲಿ ಮುದುಕ ಆಗೋದು. ಯಾರಾದರೂ ತೀರಿಕೊಂಡರೆ ಅಚ್ಚು ಇಳಿಸಿ, ಉಜ್ಜಿ, ಇನ್ನೊಬ್ಬರಿಗೆ ಮಾಡೋನು. ಮೇಷ್ಟ್ರ ಕಾಲಿಂದ ಪೋಸ್ಟ್‌ಮ್ಯಾನ್ ಮಗನ ಕಾಲು ಹುಟ್ಟಿತು ನೋಡಿ."

ಹಳೆಯ ದಿನಗಳ ಮಾತು ಬಂದರೆ ಇವರ ದನಿ ಬೆಚ್ಚಗಾಗುತ್ತದೆ, ನಿಜ. ಆದರೆ ಆ ದಿನಗಳಿಗೆ ಸಕ್ಕರೆ ಸವರುವುದಿಲ್ಲ. ಆ ಹಗ್ಗದಲ್ಲಿ ಬೀದಿ ಗುಡಿಸುವವರ ಅಚ್ಚು ಇತ್ತೇ ಎಂದು ಕೇಳಿದಾಗ, "ಇಲ್ಲ," ಎಂದರು. "ಅವರು ಉಂಗುಷ್ಟ ಕಿತ್ತುಹೋದರೆ ಹೊಲಿಸ್ಕೊಳ್ಳೋಕೆ ಬರೋರು. ಅದೂ ಬೇರೆಯವರು ಬಿಟ್ಟ ಚಪ್ಪಲಿ. ಅವರ ಕಾಲಿನ ಅಳತೆ ಅಪ್ಪನೂ ತಗೊಳ್ಳಲಿಲ್ಲ." ಒಂದೂರಿನ ಪ್ರತಿ ಕಾಲಿಗೂ ಒಂದು ಅಚ್ಚು ತೂಗುತ್ತಿತ್ತು ಎಂಬ ಚಂದದ ಚಿತ್ರಕ್ಕೆ ಇಷ್ಟು ಅಗಲದ ತೂತು. ಊರಿಗೆ ನಾಚಿಕೆಯಾಗಲಿಲ್ಲ. ಊರು ನಡೆಯುವ ಬೀದಿಯನ್ನು ಗುಡಿಸಿದವರು ಬರಿಗಾಲಲ್ಲೇ ಗುಡಿಸಿದರು.

ಕಾರ್ಖಾನೆಯ ಬೂಟು ಬಂತು, ಅಂಗಡಿಗೆ ಬಾಗಿಲು ಬಿತ್ತು. ಮಗಳು ಅದೇ ಕಾರ್ಖಾನೆಗೆ ಅಂಟು ಬಳಿಯುವ ಕೆಲಸಕ್ಕೆ ಸೇರಿದರು. ಸಂಜೆಯ ತರಗತಿಗಳಲ್ಲಿ ಕಂಪ್ಯೂಟರ್ ಕಲಿತರು. ಮೊದಲು ಬರೀ ಅಂಕಿ ತುಂಬುವುದು, ಆಮೇಲೆ ಅಂಕಿಗಳಿಂದ ಲೆಕ್ಕ ತೆಗೆಯುವ ಪ್ರೋಗ್ರಾಂ ಬರೆಯುವುದು. ಈಗ ಇವರ ಮುಖ್ಯ ಕೆಲಸ, ನೂರಾರು ಕಾಲುಗಳ ಅಳತೆ ಎಲ್ಲಿ ಹೆಚ್ಚು ದಟ್ಟವಾಗಿದೆ ಎಂದು ಕಂಡುಹಿಡಿಯುವುದು. ಪ್ರೋಗ್ರಾಮಿನಲ್ಲಿ ಆ ಕೆಲಸ ಮಾಡುವ ತುಣುಕಿಗೆ ಅವರಿಟ್ಟ ಹೆಸರು 'ನೆತ್ತಿ'.

ಅದು ಹೇಗೆ ನಡೆಯುತ್ತದೆಂದು ಕೇಳಿದರೆ ಅವರು ಪರದೆ ತೋರಿಸುವುದಿಲ್ಲ. ಮೂಲೆಯ ಡಬ್ಬದಿಂದ ಮರದ ಹೊಟ್ಟು ತರುತ್ತಾರೆ. ಮೇಜಿನ ಮೇಲೆ ಉದ್ದದೊಂದು ಸ್ಕೇಲು.

"ಒಬ್ಬಾಕೆ ಕಾಲು ತೊಂಬತ್ತು ಮಿಲಿಮೀಟರ್ ಅಗಲ ಅಂತಿಟ್ಕೊಳ್ಳಿ. ತೊಂಬತ್ತರ ಹತ್ತಿರ ಒಂದು ಚಿಟಿಕೆ ಹೊಟ್ಟು ಸುರೀರಿ. ಗೀರು ಎಳೆದ ಹಾಗೆ ಬೀಳಲ್ಲ, ಪುಟ್ಟ ಗುಡ್ಡೆ ಆಗಿ ಅಕ್ಕಪಕ್ಕಕ್ಕೂ ಸ್ವಲ್ಪ ಹರಡುತ್ತೆ. ಯಾಕೆ ಹರಡಬೇಕು? ಆ ಅಳತೆಯ ಕಾಲಿದ್ದರೆ ಅದರ ಹತ್ತಿರದ್ದೂ ಇದ್ದೇ ಇರುತ್ತೆ ಅಂತ. ಇನ್ನೊಬ್ಬಾಕೆದು ತೊಂಬತ್ತೆರಡು. ಅಲ್ಲೊಂದು ಚಿಟಿಕೆ. ಹೀಗೇ ಎಲ್ಲರದ್ದೂ ಸುರೀತಾ ಹೋದರೆ, ಜನ ಎಲ್ಲಿ ಒತ್ತಾಗಿದ್ದಾರೋ ಅಲ್ಲಿ ಗುಡ್ಡೆ ಮೇಲೆ ಗುಡ್ಡೆ ಹತ್ತುತ್ತೆ. ಕೊನೆಗೆ ಒಂದು ದೊಡ್ಡ ದಿಬ್ಬ."

ನೆತ್ತಿ ಎಂಬ ತುಣುಕು ಮಾಡುವುದು ಆ ದಿಬ್ಬದ ಮೇಲಿನ ನಡಿಗೆ. ಎಡತುದಿಯಿಂದ ಹೊರಟು, ಕೂದಲೆಳೆಯಷ್ಟು ಸಣ್ಣ ಹೆಜ್ಜೆ ಹಾಕುತ್ತ, ಪ್ರತಿ ಹೆಜ್ಜೆಗೂ 'ಇಲ್ಲಿ ಎತ್ತರ ಎಷ್ಟು' ಎಂದು ಕೇಳುತ್ತ ಬಲತುದಿ ಮುಟ್ಟುವುದು. ಹೆಜ್ಜೆ ದೊಡ್ಡದಾದರೆ ಅತಿ ಎತ್ತರದ ಜಾಗವನ್ನೇ ದಾಟಿಬಿಡಬಹುದು. ಎಲ್ಲಕ್ಕಿಂತ ಎತ್ತರದ ಜಾಗ ಯಾವುದೋ ಅದೇ ಉತ್ತರ. ಆ ಅಳತೆಗೆ ಬೂಟು ಮಾಡಿದರೆ ಹೆಚ್ಚು ಜನರ ಕಾಲಿಗೆ ಸರಿಹೊಂದುತ್ತದೆ.

ಕೇಳಲು ಸುಲಭ. ಆದರೆ ಈ ಕೆಲಸದ ಮೊದಲ ವಾರದಲ್ಲೇ ಅಳತೆಯಕ್ಕ ಎಡವಿದರು. ಆಗ ಹಲಗೆ ತಂದಿರಲಿಲ್ಲ. ಲ್ಯಾಪ್‌ಟಾಪು ಹಿಡಿದು ಶೆಡ್ಡಿಗೆ ಬಂದವರು ಒಬ್ಬೊಬ್ಬರನ್ನೇ ನಿಮ್ಮ ಸೈಜೆಷ್ಟು ಎಂದು ಕೇಳಿದರು. ಏಳು, ಏಳು, ಏಳು. ಅಲ್ಲೊಂದು ಇಲ್ಲೊಂದು ಎಂಟು. ಕೋಣೆಗೆ ಹೋಗಿ ಪ್ರೋಗ್ರಾಂ ಓಡಿಸಿದರೆ ಏಳರ ಮೇಲೆ ಸೂಜಿಯಂಥ ನೆತ್ತಿ.

"ಅಷ್ಟು ಚೂಪಾದ ನೆತ್ತಿ ನಾನು ಹುಟ್ಟಿದಾಗಿಂದ ನೋಡಿರಲಿಲ್ಲ. ಖುಷಿಯಾಗಿ ಎಲ್ಲರಿಗೂ ಟೀ ಕೊಡಿಸಿದೆ," ಎಂದು ಅವರು ನಗುತ್ತಾರೆ.

ಮರುದಿನ ಏಳನೇ ಸೈಜಿನ ಬೂಟು ತೋರಿಸಿದಾಗ ದೊಡ್ಡಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. "ಏಳು ನಮ್ಮ ಕಾಲಿಂದಲ್ಲ ಕಣೇ, ಬೂಟು ಹಂಚೋ ಸ್ಟೋರಿಂದು. ಅಲ್ಲಿ ಏಳು ಬಿಟ್ಟರೆ ಎಂಟು, ಬೇರೆ ಏನಿತ್ತು? ಗಂಡಸರಿಗೆ ಅಂತ ತಂದಿದ್ದು. ಎರಡು ಬಟ್ಟೆ ತುರುಕಿದರೆ ನನಗೆ ಏಳು, ನಾಲ್ಕು ತುರುಕಿದರೆ ನನ್ನ ಸೊಸೆಗೂ ಏಳು."

ಈ ಮಾತನ್ನು ನಮ್ಮ ಕಚೇರಿಗಳ ಗೋಡೆಯ ಮೇಲೆ ಬರೆಸಿ ಹಾಕಬೇಕು. ಕೊಡುವವರು ಏಳು ಕೊಟ್ಟರು. ಪಡೆದವರನ್ನು ಕೇಳಿದಾಗ ಏಳು ಅಂದರು. ಏಳಕ್ಕೇ ಬೇಡಿಕೆ ಹೆಚ್ಚು ಎಂದು ಮತ್ತೆ ಏಳು ಕೊಟ್ಟರು. ಕಣ್ಣು ಕಟ್ಟಿದ ಗಾಣದೆತ್ತಿನ ಹಾಗೆ ಲೆಕ್ಕ ತನ್ನ ಸುತ್ತಲೇ ತಾನು ಸುತ್ತಿತು. ಅದರಡಿಯಲ್ಲಿ ಹಿಂಡಿಯಾದದ್ದು ಕಾಲು. ಬಡವರಿಗೆ ಏನು ಬೇಕೆಂದು ನಾವು ಹೇಳುವ ಎಷ್ಟು ಮಾತುಗಳು ಹೀಗೆ ನಾವೇ ಕೊಟ್ಟದ್ದರ ಪ್ರತಿಧ್ವನಿಯೋ.

ಅಂದು ಸಂಜೆ ಅಳತೆಯಕ್ಕ ಅಟ್ಟ ಹತ್ತಿ ಅಪ್ಪನ ಹಲಗೆ ಇಳಿಸಿದರು. "ಚಮ್ಮಾರನ ಮಗಳು ಕಾಲು ನೋಡದೆ ಬಾಯಿ ನೋಡಿ ಅಳತೆ ತಗೊಂಡಳು. ಅಪ್ಪ ಇದ್ದಿದ್ದರೆ ಆ ಹಲಗೇಲೇ ಒಂದು ಕೊಡೋನು," ಎನ್ನುತ್ತಾರೆ. ಬೆಳಗಿನ ಕಾಲು ಸುಳ್ಳು ಹೇಳುತ್ತದೆ, ದುಡಿದು ಊದಿದ ಕಾಲು ನಿಜ ಹೇಳುತ್ತದೆ ಎಂಬುದು ಅಪ್ಪ ಕಲಿಸಿದ ಪಾಠ. ಹಾಗಾಗಿ ಅಂದಿನಿಂದ ಎರಡೂ ಹೊತ್ತು ಅಳೆಯುತ್ತಾರೆ, ಗುಡಿಸಲು ಹೊರಡುವ ಮುಂಚೆ ಒಮ್ಮೆ, ಮಧ್ಯಾಹ್ನ ಮರಳಿದ ಮೇಲೆ ಇನ್ನೊಮ್ಮೆ. ಲೆಕ್ಕಕ್ಕೆ ಹಿಡಿಯುವುದು ಮಧ್ಯಾಹ್ನದ್ದು.

ಉದ್ದದ ತಂಟೆ ಬೇಗ ಮುಗಿಯಿತು. ಒಂದೇ ನೆತ್ತಿ, ಐದನೇ ಸೈಜಿನ ಹತ್ತಿರ. ತಗಾದೆ ಇದ್ದದ್ದು ಅಗಲದ್ದು. ಮೊದಲು ಪ್ರೋಗ್ರಾಂ ತನ್ನ ಪಾಡಿಗೆ ಹೊಟ್ಟನ್ನು ಅಗಲವಾಗಿ ಹರಡಿ ಒಂದು ದುಂಡನೆಯ ದಿಬ್ಬ ತೋರಿಸಿತು. ನೆತ್ತಿ ತೊಂಬತ್ತೆಂಟು ಮಿಲಿಮೀಟರಿನಲ್ಲಿ. ಆದರೆ ಅಳೆದ ಕೈಗಳಿಗೆ ತೊಂಬತ್ತೆಂಟರ ಕಾಲು ನೆನಪಾಗಲಿಲ್ಲ. ಹುಡುಕಿದರೆ ಇಡೀ ಶೆಡ್ಡಿನಲ್ಲಿ ಇಬ್ಬರೋ ಮೂವರೋ. ಆಗ ಅವರು ಹರಡುವಿಕೆ ಕಿರಿದು ಮಾಡಿದರು. ದಿಬ್ಬ ನಡುವೆ ಕುಸಿದು ಎರಡಾಯಿತು. ಒಂದು ತೊಂಬತ್ತೆರಡರಲ್ಲಿ, ಇನ್ನೊಂದು, ತುಸು ಎತ್ತರದ್ದು, ನೂರಾನಾಲ್ಕರಲ್ಲಿ. ತೊಂಬತ್ತೆಂಟು ನೆತ್ತಿಯೇ ಅಲ್ಲ, ಎರಡು ಗುಡ್ಡದ ನಡುವಿನ ಹಳ್ಳ. ಹರಡಿದ್ದು ಹೆಚ್ಚಾಗಿ ಹಳ್ಳ ಮುಚ್ಚಿಹೋಗಿತ್ತು.

ಇನ್ನೂ ಕಿರಿದು ಮಾಡಿದರೆ ಏನಾಗುತ್ತದೆ? "ಒಬ್ಬೊಬ್ಬರದೂ ಒಂದೊಂದು ಗುಡ್ಡ. ಅದೇ ಅಪ್ಪನ ಅಂಗಡಿ," ಎನ್ನುತ್ತಾರೆ ಅವರು. "ಅಲ್ಲಿ ಹೊಟ್ಟು ಹರಡ್ತಾನೇ ಇರಲಿಲ್ಲ. ಮೇಷ್ಟ್ರದ್ದು ಮೇಷ್ಟ್ರಿಗೆ, ದರ್ಜಿ ಹೆಂಡತಿದು ಅವಳಿಗೆ. ಅದು ಈಗ ಆಗದ ಮಾತು. ಎಷ್ಟು ಹರಡಬೇಕು ಅಂತ ಯಾರೋ ಒಬ್ಬರು ಕೈ ಬಿಗಿ ಹಿಡೀಲೇಬೇಕಲ್ಲ." ಕೈ ಹಿಡಿತ ಸರಿಯಿದೆಯೇ ಎಂದು ತಿಳಿಯಲು ಅವರು ಪ್ರತಿ ಸಲ ಕೆಲವರ ಅಳತೆ ಕೈಬಿಟ್ಟು ಮತ್ತೆ ಮತ್ತೆ ಓಡಿಸಿ ನೋಡಿದರು. ಸಣ್ಣಪುಟ್ಟ ಉಬ್ಬುಗಳು ಬಂದು ಹೋದವು. ಎರಡು ಗುಡ್ಡ ಮಾತ್ರ ಅಲ್ಲಾಡಲಿಲ್ಲ. ಮೊದಲು ನೆತ್ತಿ ಎಂಬ ತುಣುಕು ಅತಿ ಎತ್ತರದ ಒಂದನ್ನೇ ಹೇಳುತ್ತಿತ್ತು. ಈಗ ಅದನ್ನು ತಿದ್ದಿದ್ದಾರೆ. ಎಡಕ್ಕೂ ಇಳಿತ, ಬಲಕ್ಕೂ ಇಳಿತ ಇರುವ ಜಾಗ ಎಲ್ಲೆಲ್ಲಿ ಸಿಕ್ಕುತ್ತದೋ ಅಷ್ಟನ್ನೂ ಹೇಳುತ್ತದೆ.

ಎರಡು ಗುಡ್ಡ ಯಾರ್ಯಾರದು? ಅದನ್ನು ತಿಳಿಯಲು ಯಂತ್ರ ಬೇಕಿಲ್ಲ, ಮಧ್ಯಾಹ್ನ ಶೆಡ್ಡಿನ ನಲ್ಲಿಯ ಹತ್ತಿರ ನಿಂತರೆ ಸಾಕು. ಬೂಟು ಕಳಚಿ ಕಾಲು ತೊಳೆಯುವ ಹೆಂಗಸರಲ್ಲಿ ವಯಸ್ಸಾದವರ ಪಾದ ಬೀಸಣಿಗೆಯ ಹಾಗೆ ಹರಡಿಕೊಂಡಿದೆ. ಜಾರುವ ದೊಡ್ಡ ಬೂಟನ್ನು ಬೆರಳಿನಿಂದ ಕಚ್ಚಿ ಹಿಡಿದು ನಡೆದ ವರ್ಷಗಳ ಗುರುತು ಅದು. ಈಚೆಗೆ ಕೆಲಸಕ್ಕೆ ಸೇರಿದ ಹುಡುಗಿಯರದು ಇನ್ನೂ ಕಿರಿದಾದ ಪಾದ.

ಈ ಶನಿವಾರ ಮಧ್ಯಾಹ್ನ ಅಳತೆಯಕ್ಕ ಇದ್ದ ವಿಷಯ ಇದ್ದ ಹಾಗೆ ಹೇಳುತ್ತಾರೆ. ಅಚ್ಚು ಒಂದೇ. ಹೆಚ್ಚು ಜನ ಇರುವುದು ಅಗಲ ಕಾಲಿನ ಕಡೆ.

ದೊಡ್ಡಕ್ಕನ ಸೊಸೆ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಾಳೆ. ಅಂಗೈಯಲ್ಲಿ ಉದ್ದಕ್ಕೆ ಒಂದು ಹೊಲಿಗೆಯ ಕಲೆ. ಕೆಸರಿನಲ್ಲಿ ಬೂಟು ಕಚ್ಚಿಕೊಂಡು, ಕಾಲು ಮಾತ್ರ ಮೇಲೆ ಬಂದು, ಮುಗ್ಗರಿಸಿ ಒಡೆದ ಗಾಜಿನ ಮೇಲೆ ಕೈಯೂರಿದ ದಿನದ್ದು.

"ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ಅಚ್ಚು ಮಾತ್ರ ಒಂದೇನಾ?" ಎನ್ನುತ್ತಾಳೆ ಆಕೆ. "ಇರಲಿ ಅಕ್ಕ, ಇವರ ಅಳತೆಗೇ ಮಾಡಿಸಿ. ಇನ್ನೊಂದು ಬೆರಳು ಹೋದರೆ ನೋಡ್ಕೊಳ್ಳೋಳು ನಾನೇ ತಾನೆ."

"ಬಾಯಿ ಮುಚ್ಚೇ," ಎನ್ನುತ್ತಾರೆ ದೊಡ್ಡಕ್ಕ. "ನನ್ನ ಸರ್ವೀಸು ಮುಗೀತಾ ಬಂತು. ನೀನಿನ್ನೂ ಎಷ್ಟು ವರ್ಷ ಗುಡಿಸಬೇಕೋ. ನನ್ನ ಕಾಲೂ ಮೊದಲು ನಿನ್ನ ಹಾಗೇ ತೆಳ್ಳಗಿತ್ತು. ಈ ಹಾಳು ಬೂಟೇ ಹಿಂಗೆ ಮಾಡಿದ್ದು." ಅಳತೆಯಕ್ಕನ ಕಡೆ ತಿರುಗಿ, "ಇವಳ ಅಳತೆಗೆ ಮಾಡಿಸು. ಅಗಲ ಕಾಲಿನ ಗುಡ್ಡಕ್ಕೆ ಹೊಸಬರು ಸೇರಬಾರದು, ಅಷ್ಟು ಮಾಡು."

"ಎಲ್ಲದರಲ್ಲೂ ನಿಮ್ಮದೇ ಹಟ. ಅಡುಗೆಮನೇಲೂ ಹಿಂಗೇ."

"ಅಡುಗೆಮನೆ ವಿಷಯ ಯಾಕೆ ತೆಗೀತೀಯ ಈಗ?"

ಸುತ್ತಲಿನವರು ನಗುತ್ತಾರೆ. ಅತ್ತೆ ಸೊಸೆ ಒಬ್ಬರಿಗೊಬ್ಬರು ಬಿಟ್ಟುಕೊಡುವುದಕ್ಕೆ ಜಗಳವಾಡುವುದನ್ನು ಕಂಡು ಹೊರಗಿನವರಿಗೆ ಕಣ್ಣು ತುಂಬಬಹುದು. ತ್ಯಾಗ ಎಂದು ಬರೆದು ಚಪ್ಪಾಳೆ ತಟ್ಟುವುದು ಸುಲಭ. ಆದರೆ ಒಂದು ಮನೆಯ ಇಬ್ಬರು ಹೆಂಗಸರು ಯಾರ ಕಾಲು ಉಳಿಯಬೇಕೆಂದು ತೀರ್ಮಾನಿಸುವ ಹಾಗೆ ಮಾಡಿದ್ದು ಯಾರು? ಒಂದು ಅಚ್ಚಿನ ಖರ್ಚು ಉಳಿಸಿದವರ ಹೆಸರನ್ನು ಯಾರೂ ಕೇಳುವುದಿಲ್ಲ.

ಅಳತೆಯಕ್ಕ ಅಂದು ಅಳೆದದ್ದನ್ನೆಲ್ಲ ಸೇರಿಸಿ ಕಾರ್ಖಾನೆಗೆ ಮರಳುತ್ತಾರೆ. ಮೇಲ್ವಿಚಾರಕರು ಒಳ್ಳೆಯ ಮನುಷ್ಯ. ರಬ್ಬರು ಬೇಯುವ ಒಲೆಗಳ ಪಕ್ಕದಲ್ಲಿ ಬೆವರೊರೆಸಿಕೊಳ್ಳುತ್ತಲೇ ಪರದೆ ನೋಡುತ್ತಾರೆ.

"ನೋಡಮ್ಮ, ಮೊದಲು ಒಂದು ಗುಡ್ಡ ಅಂದೆ. ಈಗ ಎರಡು ಅಂತೀಯ. ನಾಳೆ ನಾಲ್ಕು ಅಂದರೆ ನಾನೆಲ್ಲಿಗೆ ಹೋಗಲಿ?"

"ನಾಲ್ಕಾಗಲ್ಲ ಸಾರ್. ಜನರನ್ನ ಬದಲಾಯಿಸಿ ಬದಲಾಯಿಸಿ ನೋಡಿದೀನಿ. ಎರಡೇ ನಿಲ್ಲೋದು."

"ನಡುವೆ ತೊಂಬತ್ತೆಂಟಕ್ಕೆ ಮಾಡಿದರೆ? ಇಬ್ಬರಿಗೂ ಚೂರು ಚೂರು ತೊಂದರೆ, ಅಷ್ಟೆ."

"ಚೂರು ತೊಂದರೆಗೇ ದೊಡ್ಡಕ್ಕನ ಬೆರಳು ಹೋಗಿದ್ದು."

ಮೇಲ್ವಿಚಾರಕರು ಪರದೆಯ ಹಳ್ಳವನ್ನು ಬೆರಳಿನಿಂದ ಮುಟ್ಟಿ, ನಮೂನೆಯ ಕಡೆ ತಿರುಗುತ್ತಾರೆ. ಎರಕದವನಿಗೆ ಕಳಿಸಬೇಕಾದ ನಮೂನೆಯಲ್ಲಿ ಅಗಲದ ಅಂಕಿ ಬರೆಯಲು ಇರುವುದು ಒಂದೇ ಮನೆ. ಅಳತೆಯಕ್ಕ ಆ ಒಂದು ಮನೆಯಲ್ಲೇ ಎರಡು ಅಂಕಿ ತುಂಬಿದ್ದಾರೆ, ನಡುವೆ 'ಮತ್ತು' ಎಂದು ಬರೆದು.

"ಇದನ್ನ ಯಜಮಾನರು ಒಪ್ಪಲ್ಲ."

"ಒಪ್ಪದೇ ಇದ್ದರೆ ಒಂದನ್ನ ಅವರೇ ಹೊಡೆದುಹಾಕಲಿ ಸಾರ್. ಯಾರ ಕಾಲು ಅಂತ ಗೊತ್ತಿದ್ದು ಹೊಡೆದುಹಾಕಲಿ. ನನ್ನ ಕೈಲಾಗಲ್ಲ."

ಹೊಸ ಬೂಟಿನ ಕೊರಳಿಗೆ ಸುತ್ತಲೂ ಒಂದು ಬಣ್ಣದ ಪಟ್ಟಿ, ಪಟ್ಟಿಯ ಮೇಲೆ ಕಂಪನಿಯ ಹೆಸರು ಉಬ್ಬಾಗಿ ಮೂಡಬೇಕೆಂಬುದು ಯಜಮಾನರ ಆಸೆ. ಅದಕ್ಕೆ ಬೇರೆಯೇ ಅಚ್ಚು ಹೇಳಿಯಾಗಿದೆ, ಎರಕ ಇನ್ನೂ ಆಗಿಲ್ಲ. ಆ ಪಟ್ಟಿ ಬಿಟ್ಟರೆ ಕಾಲಿಗೆ ಇನ್ನೊಂದು ಅಚ್ಚು ಆಗುತ್ತದಲ್ಲ ಎಂದು ಮೇಲ್ವಿಚಾರಕರಿಗೆ ಹೊಳೆಯುತ್ತದೆ. ಫೋನು ಹಿಡಿದು ಹೊರಗೆ ಹೋಗುತ್ತಾರೆ. ಅತ್ತ ಕಡೆಯ ಮಾತು ಕೇಳಿಸುವುದಿಲ್ಲ. ಇತ್ತ ಕಡೆಯದು ಕೇಳಿಸುತ್ತದೆ: "ಹೌದು ಸಾರ್... ಇಲ್ಲ ಸಾರ್, ಹೆಸರು ಬರಲ್ಲ... ಕೆಸರಲ್ಲಿ ಹೇಗೂ ಕಾಣಿಸಲ್ಲ ಸಾರ್." ಅಳತೆಯಕ್ಕ ಅಷ್ಟೂ ಹೊತ್ತು ಅಂಟಿನ ಕಲೆಯಾದ ಉಗುರನ್ನು ಇನ್ನೊಂದು ಉಗುರಿನಿಂದ ಕೆರೆಯುತ್ತ ಕೂತಿರುತ್ತಾರೆ.

ಮೇಲ್ವಿಚಾರಕರು ಒಳಗೆ ಬಂದು ನಮೂನೆ ಎತ್ತಿಕೊಂಡು, 'ಮತ್ತು' ಎಂಬುದರ ಪಕ್ಕ ತಮ್ಮ ಸಹಿ ಹಾಕುತ್ತಾರೆ. "ಬೈದರು," ಎನ್ನುತ್ತಾರೆ. "ಬೈದು ಒಪ್ಪಿದರು."

ಎರಡು ಅಚ್ಚು, ಹೆಸರಿಲ್ಲದ ಬೂಟು. ಇದನ್ನು ಗೆಲುವು ಎಂದು ಕರೆಯಬಹುದೇ? ಕಾಲಿಗೆ ಸರಿಹೊಂದುವ ಬೂಟು ಹೆಂಗಸರಿಗೆ ಸಿಗಲು ಒಬ್ಬ ಯಜಮಾನನ ಹೆಸರಿನ ಪಟ್ಟಿ ಸರಿದು ಜಾಗ ಕೊಡಬೇಕಾಯಿತು ಎಂಬುದು ಹೆಮ್ಮೆಪಡುವ ಸಂಗತಿಯೇನಲ್ಲ. ಗ್ಲೌಸು ಇನ್ನೂ ಬಂದಿಲ್ಲ. ಬಂದರೆ ಅದು ಯಾರ ಕೈಯ ಅಳತೆಯದೋ. ಆದರೂ ಶೆಡ್ಡಿಗೆ ಸುದ್ದಿ ಮುಟ್ಟಿದೆ. ಸೊಸೆ ಫೋನು ಮಾಡಿ, ಅತ್ತೆಗೆ ಕೇಳುವ ಹಾಗೆ ಗಟ್ಟಿಯಾಗಿ, "ಇನ್ನು ಬೂಟಿನ ವಿಷಯಕ್ಕೆ ಜಗಳ ಇಲ್ಲ ಅಕ್ಕ, ಬೇರೆ ಹುಡುಕಬೇಕು," ಎಂದಳಂತೆ.

ಕೆಲಸ ಬಿಟ್ಟು ಗೇಟಿನ ಹತ್ತಿರ ಬಂದ ಅಳತೆಯಕ್ಕನನ್ನು, ಈ ಬೂಟು ಬಂದ ಮೇಲೆ ನಿಮಗೇನು ಆಸೆ ಎಂದು ಕೇಳಿದೆ. ಸಂಜೆಯ ಪಾಳಿಯವರು ಒಳಗೆ ಹೋಗುತ್ತಿದ್ದರು. ಅವರಿಗೆ ದಾರಿ ಬಿಟ್ಟು ಅಳತೆಯಕ್ಕ ಗೋಡೆಯ ಪಕ್ಕ ಸರಿದು ನಿಂತರು.

"ಆಸೆ ಅಂದರೆ ಏನು ಹೇಳಲಿ," ಎಂದರು. "ಆ ಹೆಂಗಸರು ಮನೆಗೆ ಹೋದ ಮೇಲೆ ಅದೂ ಇದೂ ಮಾತಾಡ್ತಾರಲ್ಲ. ಹಾಲಿನ ವಿಷಯ, ಮಕ್ಕಳ ವಿಷಯ, ಅತ್ತೆ ವಿಷಯ. ಅದರಲ್ಲಿ ಕಾಲಿನ ಮಾತೇ ಬರಬಾರದು. ಕಾಲು ಅಂತ ಒಂದಿದೆ ಅನ್ನೋದೇ ಅವರಿಗೆ ಮರೆತುಹೋಗಬೇಕು. ಅಷ್ಟಾದರೆ ಸಾಕು."